ಕಣ್ಣು ಮುಚ್ಚಿ ನೋಡಿದ ಬೇರಿಂಗ್

“ಕಣ್ಣು ಮುಚ್ಚಿ ತಿರುಗಿಸಿ ನೋಡಿ ಅಕ್ಕಾ” ಎಂದು ಮಡಿಕೇರಿಯ ಮೆಕ್ಯಾನಿಕ್ ನನ್ನ ಕಾರಿನ ಕ್ಲಚ್ ಬೇರಿಂಗನ್ನು ನನ್ನ ಅಂಗೈಯಲ್ಲಿಟ್ಟರು. ಸವೆದ ಕ್ಲಚ್ ಪ್ಲೇಟ್ ಒಂದನ್ನೇ ಬದಲಿಸಿ ಬೇಗ ಕೊಡಿ ಎಂದು ನಾನು ಚಡಪಡಿಸುತ್ತಿದ್ದೆ. ಮರುದಿನ ಬೆಳಿಗ್ಗೆ ಅಮ್ಮನನ್ನು ಭಾಗಮಂಡಲದಿಂದ ಇಲ್ಲಿನ ಆಸ್ಪತ್ರೆಗೆ ಡಯಾಲಿಸಿಸ್‌ಗೆಂದು ಕರೆತರಬೇಕಿತ್ತು. ಹೊಸ ಬೇರಿಂಗ್ ಬೇಕೆಂದರೆ ಮೈಸೂರಿನಿಂದ ಸಂಜೆ ಬಸ್ಸಿಗೆ ಬರುವವರೆಗೂ ಕಾಯಬೇಕು.

ತಿರುಗಿಸಿದೆ. ಒಳಗೆ ಮರಳು ಸಿಕ್ಕಿಕೊಂಡ ಹಾಗೆ ಕರಕರ ಎಂದಿತು. ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟನ್ನೂ ಸವರಿ ನೋಡಲು ಹೇಳಿದರು. ಅದು ನುಣುಪಾಗಿತ್ತು, ಹಾಗೇ ಇರಲಿ ಎಂದರು. ಬೇರಿಂಗ್ ಬದಲಿಸಲು ನಾನು ಒಪ್ಪಿದೆ.

ಆಗಲೇ ಗಮನಿಸಿದ್ದು, ಅವರು ಸ್ಪ್ಯಾನರುಗಳನ್ನು ತಡವಿ ತಡವಿ ಎತ್ತಿಕೊಳ್ಳುತ್ತಿದ್ದರು. ಕಣ್ಣು ಸರಿಯಾಗಿ ಕಾಣುವುದಿಲ್ಲವೇ ಎಂದು ಕೇಳಿಯೇಬಿಟ್ಟೆ.

“ಶುಗರ್‌ನಿಂದ ಕಣ್ಣು ಮಂಜಾಗಿದೆ ಅಕ್ಕಾ. ಹೆದರಬೇಡಿ, ಕೊನೆಗೆ ಒಂದೊಂದು ಬೋಲ್ಟನ್ನೂ ನನ್ನ ಹೆಂಡತಿ ನೋಡ್ತಾಳೆ.”

ಸಂಜೆ ಬೇರಿಂಗ್ ಬಂತು. ಅವರು ಜೋಡಿಸಿದ ಮೇಲೆ ಹೆಂಡತಿ ಟಾರ್ಚ್ ಹಿಡಿದು ಕಾರಿನಡಿ ನುಸುಳಿ, ಎರಡು ಬೋಲ್ಟುಗಳನ್ನು ಇನ್ನಷ್ಟು ಬಿಗಿಮಾಡಿದರು.

ಮರುದಿನ ತಿರುವು ತಿರುವಿನಲ್ಲೂ ನನ್ನ ಕಿವಿ ಕ್ಲಚ್ಚಿನ ಮೇಲೆಯೇ ಇತ್ತು. ಕಾರು ಒಮ್ಮೆಯೂ ತಡವರಿಸಲಿಲ್ಲ. ಅಮ್ಮನನ್ನು ಒಳಗೆ ಕಳಿಸಿ, ಅದೇ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ಯಾವತ್ತು ಸಿಗುತ್ತಾರೆಂದು ವಿಚಾರಿಸಿದೆ. ಬರುವ ಸೋಮವಾರ ಆ ದಂಪತಿ ನನ್ನ ಕಾರಿನಲ್ಲಿ ಅಲ್ಲಿಗೆ ಬರುತ್ತಿದ್ದಾರೆ.