ಅಟ್ಟದ ಮೇಲಿನ ಮಾವ

ಮೊನ್ನೆ ಸಂಜೆ ತಿಪಟೂರಿನ ಮಂಡಿಯೊಂದರ ಮುಂದೆ ಕೊಬ್ಬರಿ ಚೀಲ ಬಿಚ್ಚಿದರು. ಆ ಎಣ್ಣೆವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ತಾನಾಗಿ ನೆಲ ತಡಕಿತು. ಮಾವನ ಅಟ್ಟ ನೆನಪಾಯಿತು...

ಮಾವ ಅಂದರೆ ಅಮ್ಮನ ಅಣ್ಣ. ತೊಂಬತ್ತರ ದಶಕದಲ್ಲಿ, ದಬ್ಬೇಘಟ್ಟದ ಹತ್ತಿರವಿದ್ದ ಅವನ ಮನೆಯಲ್ಲಿದ್ದುಕೊಂಡೇ ನಾನು ತುರುವೇಕೆರೆಗೆ ಬಸ್ಸಿನಲ್ಲಿ ಹೋಗಿ ಡಿಗ್ರಿ ಮುಗಿಸಿದ್ದು. ನಮ್ಮ ವಂಶಕ್ಕೇ ಅದು ಮೊದಲ ಡಿಗ್ರಿ. ಮಾವ ಹಗಲೆಲ್ಲ ಅಟ್ಟದಲ್ಲೇ ಇರುತ್ತಿದ್ದ. ಅಲ್ಲಿ ಒಣಗುತ್ತಿದ್ದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸುವುದು, ಒಳಗೆ ಗಡಗಡ ಅಂದರೆ ಕೊಬ್ಬರಿಯಾಗಿದೆ ಎಂದು ಬೇರೆ ಹಾಕುವುದು. ಆ ಕತ್ತಲಲ್ಲಿ ಯಾರು ಮಾಡಿದರೂ ಕಿವಿಯಿಂದಲೇ ಮಾಡಬೇಕು. "ನಿಮ್ಮಾವ ಅಟ್ಟಾನೇ ಕಟ್ಕೊಂಡವ್ರೆ, ನನ್ನಲ್ಲ" ಎಂದು ಅತ್ತೆ ಹಂಗಿಸುತ್ತಿದ್ದಳು.

ಒಂದು ಸಂಜೆ ಕಾಯಿ ಇಳಿಸುವವರು ಏಣಿಯನ್ನು ಅಟ್ಟದ ಇನ್ನೊಂದು ಬಾಯಿಗೆ ಸರಿಸಿ ಹೋಗಿದ್ದರು. ಕಾಫಿಗೆ ಕರೆಯಲು ಹೋದ ನಾನು ನೋಡುತ್ತಿದ್ದಂತೆಯೇ ಮಾವ ಹಳೆಯ ಜಾಗಕ್ಕೆ ನಡೆದು ಬಂದು ಬರಿಗಾಳಿಗೆ ಕಾಲಿಟ್ಟ. ತೊಲೆ ಹಿಡಿದು ನೇತಾಡುತ್ತಿದ್ದವನ ಕಾಲಡಿಗೆ ಏಣಿ ಎಳೆದು ತಂದೆ. ಇಳಿದವನು ಏಣಿಯ ಬುಡ ತಡವಿ ಅಲ್ಲೇ ಕೂತ. ಏಣಿ ಕಾಣಲಿಲ್ಲವೇ ಎಂದೆ.

"ಯಾರ್ಗೂ ಹೇಳ್ಬ್ಯಾಡ ಕಣವ್ವ. ನಮ್ಮಪ್ಪಂಗೂ ಹಿಂಗೇ ಕಣ್ಣು ಹೋಗಿತ್ತು. ವಂಶದಲ್ಲೈತೆ ಅಂತ ಗೊತ್ತಾದ್ರೆ ನನ್ ಮಗಳ ಮದ್ವೆ ನಿಂತೋಯ್ತದೆ."

ಅವನಪ್ಪ ಅಂದರೆ ನನ್ನ ಅಮ್ಮನ ಅಪ್ಪ... ಭಯ ನನ್ನವರೆಗೂ ಬಂದು ನಿಂತಿತು.

ಮಾರನೆಯ ದಿನ ಕಾಲೇಜಿನ ದಪ್ಪ ಡಿಕ್ಷನರಿಯಲ್ಲಿ ಬ್ಲೈಂಡ್ ಎಂಬ ಪದ ತೆಗೆದೆ. ಕಣ್ಣು ಕಾಣದವರು, ಕಿಟಕಿಯ ಪರದೆ, ಮುಂದೆ ದಾರಿಯಿಲ್ಲದ ಓಣಿ, ಎಲ್ಲಕ್ಕೂ ಅದೇ ಪದ. ಕದಡಿದ್ದು, ಮಸುಕಾದದ್ದು ಎಂಬ ಬಹಳ ಹಳೆಯ ಮೂಲದಿಂದ ಅದು ಹುಟ್ಟಿರಬಹುದು ಎಂದೂ ಇತ್ತು. ಸಂಜೆ ಅಟ್ಟ ಹತ್ತಿ ಮಾವನಿಗೆ ಹೇಳಿದೆ. ಪರದೆ, ಓಣಿ ಎಂದಾಗ ನಕ್ಕ. ಕದಡಿದ್ದು ಎಂದಾಗ ಕೈಯಲ್ಲಿದ್ದ ಕಾಯಿ ಅಲುಗಾಡುವುದು ನಿಂತಿತು.

"ಕತ್ಲೆ ಅಂದಿಲ್ವಾ? ನಂಗೂ ಕತ್ಲೆ ಅಲ್ಲ ಕಣವ್ವ, ಎಮ್ಮೆ ಇಳಿದ ಕೆರೆ ನೀರಿದ್ದಂಗೆ. ಆ ಪದ ಮಾಡ್ದೋನ್ಗೂ ಇದೇ ಬಂದಿತ್ತು ಬುಡು."

ಮಗಳ ಮದುವೆ ನಡೆಯಿತು. ಧಾರೆಯಲ್ಲಿ ಮಾವನ ಮೊಣಕೈ ಹಿಡಿದು ನಾನೇ ಪಕ್ಕದಲ್ಲಿ ನಿಂತಿದ್ದೆ. ಅಳುತ್ತಿರುವುದಕ್ಕೇ ಕೈ ತಡವರಿಸುತ್ತಿದೆ ಎಂದುಕೊಂಡರು ಜನ.

ಮಾವ ಹೋಗಿ ವರ್ಷಗಳಾದವು. ಮೊನ್ನೆ ಮಂಡಿಯಿಂದ ಮನೆ ಸೇರುವಷ್ಟರಲ್ಲಿ ಮಬ್ಬಾಗಿತ್ತು. ಎಂದಿನಂತೆ ದೀಪ ಹಾಕುವ ಮುಂಚೆ ಹೊಸಿಲ ಮೇಲೆ ನಿಂತು, ಎದುರಿನ ತೆಂಗಿನ ಗರಿಗಳು ಬಿಡಿಬಿಡಿಯಾಗಿ ಕಾಣುತ್ತವೆಯೇ ಎಂದು ನೋಡಿದೆ. ಅಂಚುಗಳು ಕಲಸಿದಂತಿದ್ದವು... ಮಂಜಿರಬೇಕು. ಹೀಗೇ ಶುರುವಾಗಿತ್ತೇ ಎಂದು ಕೇಳೋಣವೆಂದರೆ ಮಾವನಿಲ್ಲ.