ಜಿಯಾವುಲ್ಲಾ ಕೇಳದೆ ಬರೆದ ಒಂದು ಸಾಲು

ಜಿಯಾವುಲ್ಲಾ ತೀರಿಕೊಂಡ. ಆಗಸ್ಟ್ ಹನ್ನೊಂದು, ಸೋಮವಾರ, ಮಧ್ಯಾಹ್ನ ಎರಡೂವರೆಯ ಹೊತ್ತಿಗೆ, ದೊಡ್ಡನೆಕ್ಕುಂದಿಯ ಕಚೇರಿಯಲ್ಲಿ, ಕೂತ ಕುರ್ಚಿಯಲ್ಲೇ. ಹೃದಯ ನಿಂತಿತು ಎಂದರು ವೈದ್ಯರು. ಐವತ್ತೆರಡು ವರ್ಷ. ಮರುದಿನ ಬೆಳಿಗ್ಗೆ ಜಯಮಹಲ್ ರಸ್ತೆಯ ಖಬರಸ್ತಾನದಲ್ಲಿ ಮಣ್ಣು ಮಾಡಿದರು. ಹೆಂಡತಿ ಬದ್ರುನ್ನೀಸಾ ಮತ್ತು ಕಾಲೇಜಿಗೆ ಹೋಗುವ ಮಗಳು ಮೆಹ್ವಿಶ್ ಶಿವಾಜಿನಗರದ ಮನೆಯಲ್ಲಿದ್ದಾರೆ.

ಅವನು ಮಾಡುತ್ತಿದ್ದ ಕೆಲಸ ಏನೆಂದು ಮಣ್ಣಿಗೆ ಬಂದವರಲ್ಲಿ ಅರ್ಧಕ್ಕರ್ಧ ಜನರಿಗೆ ಗೊತ್ತಿರಲಿಲ್ಲ. ‘ಕಂಪ್ಯೂಟರ್ ಕೆಲಸ’ ಎಂದಷ್ಟೇ ಗೊತ್ತು. ಡಿಪ್ಲೊಮಾ ಮುಗಿಸಿ ಇಪ್ಪತ್ತಮೂರನೇ ವಯಸ್ಸಿಗೆ ಅವನು ಸೇರಿದ್ದು ಶಿವಾಜಿನಗರದಲ್ಲೇ ಇದ್ದ ಅಹ್ಮದ್ ಪಾಷಾ ಅವರ ಹಳೆ ಕಂಪ್ಯೂಟರ್ ಅಂಗಡಿಗೆ. ಆ ಕಾಲದಲ್ಲಿ ಪ್ರೊಸೆಸರ್ ಚಿಪ್ಪಿನ ಬೆನ್ನನ್ನು ಉಜ್ಜಿ, ಹಳೆಯ ಹೆಸರು ಅಳಿಸಿ, ಅದಕ್ಕಿಂತ ಜೋರಾಗಿ ಓಡುವ ಚಿಪ್ಪಿನ ಹೆಸರನ್ನು ಅಚ್ಚೊತ್ತಿ ಮಾರುವವರಿದ್ದರು. ಪಾಷಾ ಚಿಪ್ಪಿನ ಮೇಲಿನ ಹೆಸರನ್ನು ಓದುತ್ತಲೇ ಇರಲಿಲ್ಲ. ಬೋರ್ಡಿಗೆ ಹಾಕಿ, ಓಡಿಸಿ, ಅದು ಏನು ಮಾಡುತ್ತದೆಂದು ನೋಡಿ, ಆಮೇಲೆ ಗಿರಾಕಿಗೆ ಮಾತು ಕೊಡುತ್ತಿದ್ದರು. ಜಿಯಾವುಲ್ಲಾನ ವಿದ್ಯೆಯೆಲ್ಲ ಅಲ್ಲಿಂದಲೇ ಶುರುವಾದದ್ದು. ಮುಂದೆ ಪುಸ್ತಕಗಳನ್ನು ಓದಿ, ಸಂಜೆ ಕಾಲೇಜಿಗೆ ಹೋಗಿ, ಕಂಪನಿ ಬದಲಾಯಿಸಿ, ಹನ್ನೆರಡು ವರ್ಷಗಳ ಹಿಂದೆ ದೊಡ್ಡನೆಕ್ಕುಂದಿಯ ಆ ಸಣ್ಣ ಕಂಪನಿಗೆ ಬಂದ.

ಅಲ್ಲಿ ತಯಾರಾಗುತ್ತಿದ್ದದ್ದು ವರ್ಚುವಲ್ ಯಂತ್ರದ ತಂತ್ರಾಂಶ. ಒಂದು ದೊಡ್ಡ ಕಂಪ್ಯೂಟರಿನೊಳಗೆ ಹತ್ತು ಬೇರೆ ಬೇರೆ ಕಂಪ್ಯೂಟರುಗಳಿವೆ ಎಂಬಂತೆ ನಡೆಸಿಕೊಂಡು ಹೋಗುವ ತಂತ್ರಾಂಶ ಅದು. ಪಕ್ಕದ ಮನೆಯ ಇಮಾಮ್ ಬೀ ಒಂದು ಸಲ ಅವನನ್ನು ಹಿಡಿದು ಕೂರಿಸಿಕೊಂಡು ಕೇಳಿದ್ದರು. ಇಮಾಮ್ ಬೀ ಆ ಗಲ್ಲಿಗೆಲ್ಲ ಗಂಡು ಹೆಣ್ಣಿನ ಸಂಬಂಧ ಕುದುರಿಸುವ ಹೆಂಗಸು.

“ಅರೆ ಜಿಯಾ, ಇಷ್ಟು ವರ್ಷದಿಂದ ಹೋಗ್ತೀಯ ಬರ್ತೀಯ. ಏನು ಮಾಡ್ತೀಯಪ್ಪ ನೀನು ಅಲ್ಲಿ?”

“ಒಳಗಡೆ ಇರೋ ಪ್ರೋಗ್ರಾಮು ಪ್ರೊಸೆಸರ್‌ನ ಕೇಳತ್ತೆ ಖಾಲಾ, ನಿನಗೆ ಏನೇನು ಬರತ್ತೆ ಅಂತ. ಅದಕ್ಕೂ ಪ್ರೊಸೆಸರ್‌ಗೂ ನೇರ ಮಾತಿಲ್ಲ. ಮಧ್ಯದಲ್ಲಿ ನಾವಿರ್ತೀವಿ. ನಾವು ಪ್ರೊಸೆಸರ್‌ನ ಕೇಳಿ, ಇದು ಬರತ್ತೆ, ಇದು ಬರಲ್ಲ ಅಂತ ಹೇಳ್ತೀವಿ.”

“ಹೌ ಬಾ! ನಂದೇ ಕೆಲಸ ಅಲ್ವಾ ಇದು?” ಇಮಾಮ್ ಬೀ ತೊಡೆ ತಟ್ಟಿಕೊಂಡು ನಕ್ಕಿದ್ದರು. “ನೋಡು, ನಾನು ಒಂದು ಮಾತು ಹೇಳ್ತೀನಿ. ಹುಡುಗನಿಗೆ ಕಾರ್ ಓಡಿಸೋಕೆ ಬರಲ್ಲ ಅಂದು, ಆಮೇಲೆ ಬರತ್ತೆ ಅಂತ ಗೊತ್ತಾದ್ರೆ ಯಾರೂ ಬೈಯಲ್ಲ. ಬರತ್ತೆ ಅಂದು ಬರದೇ ಇದ್ರೆ ಮನೆ ಬಾಗಿಲಿಗೇ ಬರ್ತಾರೆ.”

ಮರುದಿನ ಜಿಯಾವುಲ್ಲಾ ಇದನ್ನು ಕಚೇರಿಯಲ್ಲಿ ಎಲ್ಲರಿಗೂ ಹೇಳಿದ. ಅವನ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ವಿವರಣೆ ಇರಲಿಲ್ಲ. ಇರುವ ಶಕ್ತಿಯನ್ನು ಇಲ್ಲ ಎಂದರೆ ಪ್ರೋಗ್ರಾಮು ಸ್ವಲ್ಪ ನಿಧಾನವಾಗಿ ಓಡುತ್ತದೆ, ಅಷ್ಟೇ. ಇಲ್ಲದ ಶಕ್ತಿಯನ್ನು ಇದೆ ಎಂದರೆ, ನಂಬಿ ಅದನ್ನು ಬಳಸಲು ಹೋದ ಕ್ಷಣವೇ ಪ್ರೋಗ್ರಾಮು ಸತ್ತು ಬೀಳುತ್ತದೆ. ಆದ್ದರಿಂದ ಹೆಸರು ನೋಡಿ ಹೇಳಬಾರದು, ಪ್ರತಿ ಯಂತ್ರವನ್ನೂ ಪ್ರತಿ ಸಲವೂ ಕೇಳಿಯೇ ಹೇಳಬೇಕು ಎಂಬುದು ಅವನ ಹಟ. ಹೊಸಬರು ಯಾರಾದರೂ ‘ಈ ಮಾಡೆಲ್ ಅಂದ್ಮೇಲೆ ಇದ್ದೇ ಇರತ್ತೆ ಸರ್’ ಎಂದರೆ ಸಾಕು, ಕನ್ನಡಕದ ಮೇಲಿಂದ ನೋಡಿ, “ನಿನ್ನ ಹೆಸರು ರಾಜ ಅಂತಿದ್ರೆ ಮೈಸೂರು ನಿಂದಾ?” ಎನ್ನುತ್ತಿದ್ದ. ಮಾತು ಚುರುಕು, ಸ್ವಲ್ಪ ಜಂಬವೂ ಇತ್ತು. ಅದನ್ನು ಮುಚ್ಚಿಟ್ಟರೆ ಅವನ ಬಗ್ಗೆ ಸುಳ್ಳು ಬರೆದಂತೆ.

ಇನ್ನೊಂದು ಪದ್ಧತಿ ಅವನದು. ಹೊಸಬರು ಬಂದ ಮೊದಲ ವಾರ ತಂತ್ರಾಂಶದ ಈ ಕೇಳುವ-ಹೇಳುವ ಭಾಗದ ಹಳೆಯ ಕಡತವನ್ನು ಅವರ ಕೈಗೆ ಕೊಟ್ಟು, ಸಾಲುಗಳನ್ನೆಲ್ಲ ಒಪ್ಪವಾಗಿ ಜೋಡಿಸಲು ಹೇಳುತ್ತಿದ್ದ. ಅರ್ಥ ಬದಲಾಯಿಸುವಂತಿಲ್ಲ, ಅಂಚು ನೇರ ಮಾಡಬೇಕು, ಅಷ್ಟೇ. ಹಾಗೆ ಮಾಡುತ್ತಾ ಎರಡು ಸಾವಿರ ಸಾಲುಗಳನ್ನು ಓದಿದಂತಾಗುತ್ತದೆ ಎಂಬ ಲೆಕ್ಕಾಚಾರ. ಫೆಬ್ರವರಿಯಲ್ಲಿ ಸೇರಿದ ನಂದಿತಾಗೂ ಹಾಗೇ ಕೊಟ್ಟ. ನಂದಿತಾ ಕೆ.ಆರ್. ಪುರದ ಹುಡುಗಿ, ತಾಯಿ ವೆಂಕಟಮ್ಮ ಅಲ್ಲಿನ ಸಂತೆಯಲ್ಲಿ ಹೂವಿನ ಅಂಗಡಿ ಇಟ್ಟಿದ್ದಾರೆ. ಹುಡುಗಿ ಐದೇ ದಿನದಲ್ಲಿ ಕಡತವನ್ನು ಕನ್ನಡಿಯಂತೆ ಮಾಡಿ ತಂದಳು. ಆದರೆ ಇಂಥ ಕೆಲಸದಲ್ಲಿ ಯಾವ ಸಾಲನ್ನು ಯಾರು ಕೊನೆಗೆ ಮುಟ್ಟಿದರೋ ಅವರ ಹೆಸರು ಆ ಸಾಲಿನ ಪಕ್ಕ ಕೂರುತ್ತದೆ. ಅಂದಿನಿಂದ ಆ ಕಡತದ ಪ್ರತಿ ಸಾಲಿನ ಪಕ್ಕದಲ್ಲೂ ನಂದಿತಾಳ ಹೆಸರೇ ಇತ್ತು. ಅವಳಿಗಿಂತ ಮುಂಚೆ ಯಾವ ಸಾಲನ್ನು ಯಾರು ಬರೆದಿದ್ದರೆಂಬ ಚರಿತ್ರೆ, ಕಚೇರಿ ಹಳೆಯ ಕಟ್ಟಡ ಬಿಟ್ಟು ಬಂದಾಗ ಬಿಸಾಡಿದ ಡಿಸ್ಕುಗಳ ಜೊತೆಗೆ ಹೋಗಿತ್ತು.

ಆಗಸ್ಟ್ ಎಂಟು, ಶುಕ್ರವಾರ ಬೆಳಿಗ್ಗೆ ಗಿರಾಕಿಯೊಬ್ಬರಿಂದ ದೂರು ಬಂತು. ಕಣ್ಣಿನ ಚಿತ್ರಗಳನ್ನು ಓದಿ ವರದಿ ಕೊಡುವ ಪ್ರಯೋಗಾಲಯ ಅವರದು. ತಮ್ಮ ವರ್ಚುವಲ್ ಯಂತ್ರವನ್ನು ಹಿಂದಿನ ದಿನ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಾಗಿಸಿದ್ದರು. ಎರಡೂ ಒಂದೇ ಮಾಡೆಲ್. ಎರಡನೆಯದರಲ್ಲಿ ಮಾತ್ರ, ಒಂದು ದೊಡ್ಡ ಲೆಕ್ಕವನ್ನು ಒಂದೇ ಏಟಿಗೆ ಮಾಡುವ ಶಕ್ತಿಯನ್ನು ತಯಾರಕರು ಬಳಸಲಾಗದಂತೆ ಮುಚ್ಚಿಟ್ಟಿದ್ದರು. ಕಂಪನಿಯ ತಂತ್ರಾಂಶ ಆ ಶಕ್ತಿ ‘ಇದೆ’ ಎಂದಿತು. ಚಿತ್ರ ಓದುವ ಪ್ರೋಗ್ರಾಮು ನಂಬಿತು, ಸತ್ತಿತು. ಎಬ್ಬಿಸಿದಷ್ಟು ಸಲ ಸತ್ತಿತು. ನಲವತ್ತು ರೋಗಿಗಳು ಆ ಗುರುವಾರ ಸಂಜೆವರೆಗೆ ಕಾದು ಕೂತರು.

ಶುಕ್ರವಾರ ಹನ್ನೊಂದು ಗಂಟೆಗೆ ತಂಡವೆಲ್ಲ ಸೇರಿತು. ಮ್ಯಾನೇಜರ್ ಸುನೀಲ್ ಗೋಡೆಯ ಪರದೆಯ ಮೇಲೆ ತಪ್ಪಿದ ಸಾಲನ್ನು ತೋರಿಸಿದ. ಒಂದು ಮಾಡೆಲ್ ಹೆಸರು, ಅದರ ಮುಂದೆ ನೇರವಾಗಿ ‘ಇದೆ’. ಪ್ರೊಸೆಸರನ್ನು ಕೇಳಿಯೇ ಇಲ್ಲ. ಪಕ್ಕದಲ್ಲಿ ನಂದಿತಾಳ ಹೆಸರು.

ಫೆಬ್ರವರಿಯ ಆ ಅಂಚಿನ ಕೆಲಸ ನೆನಪಾಗುವ ಮೊದಲೇ ಜಿಯಾವುಲ್ಲಾನ ಮೈ ಉರಿಯಿತು. “ಏನಮ್ಮಾ ಇದು? ಆರು ತಿಂಗಳಿಂದ ನಾನು ಗೋಡೆಗಾ ಹೇಳಿದ್ದು? ಕೇಳದೆ ‘ಇದೆ’ ಅಂತ ಬರೆಯೋಕೆ ನಾವೇನು ಜ್ಯೋತಿಷಿಗಳಾ?”

ನಂದಿತಾ ಅವನನ್ನೇ ನೋಡಿದಳು. ಪರದೆಯ ಮೇಲಿನ ಸಾಲನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಅವನು ಬೈದದ್ದು ಹನ್ನೆರಡು ಜನರ ಮುಂದೆ.

ಸಭೆ ಮುಗಿದ ಮೇಲೆ ಸುನೀಲ್ ಅವನನ್ನು ಪಕ್ಕಕ್ಕೆ ಕರೆದು ಹೇಳಿದ: “ಸೋಮವಾರ ಮೂರು ಗಂಟೆಗೆ ಅವಳ ಪ್ರೊಬೇಷನ್ ರಿವ್ಯೂ ಇದೆ ಜಿಯಾ ಸರ್. ಇದು ಹೆಡ್ ಆಫೀಸ್‌ವರೆಗೆ ಹೋಗ್ಬಿಟ್ಟಿದೆ. ಕೆಲಸದಿಂದ ಕಳಿಸ್ಬೇಕಾಗತ್ತೆ ಅನ್ಸತ್ತೆ.”

“ಕಳಿಸೋ ಅಷ್ಟೇನಲ್ಲಪ್ಪ,” ಎಂದ ಜಿಯಾವುಲ್ಲಾ. ಅದಕ್ಕಿಂತ ಹೆಚ್ಚು ಅನ್ನಲಿಲ್ಲ.

ಶನಿವಾರ ರಜೆ. ಆದರೂ ಹೋದ. ಹಲಸೂರಿನವರೆಗೆ ಬಸ್ಸು, ಅಲ್ಲಿಂದ ಮೆಟ್ರೋ. ಗರುಡಾಚಾರ್‌ಪಾಳ್ಯದಲ್ಲಿ ಇಳಿದು ನಡೆಯುವಾಗ ಎಡ ಭುಜ ಹಿಡಿದುಕೊಂಡಿತ್ತಂತೆ. ಕಂಪ್ಯೂಟರ್ ಮುಂದೆ ಕೂತು ಕೂತು ಎಂದುಕೊಂಡ. ಕಚೇರಿಯಲ್ಲಿ ಯಾರೂ ಇರಲಿಲ್ಲ. ಆ ಸಾಲನ್ನು ತೆರೆದು ಎದುರಿಗೆ ಇಟ್ಟುಕೊಂಡ. ಅವಳಿಗೆ ಈ ಮಾಡೆಲಿನ ಹೆಸರು ಹೇಗೆ ಹೊಳೆಯಿತು ಎಂಬುದು ಅವನಿಗೆ ಬಗೆಹರಿಯದ ಪ್ರಶ್ನೆ. ಅದು ಏಳು ವರ್ಷ ಹಳೆಯ ಮಾಡೆಲ್. ಆಗ ಅವಳು ಕಾಲೇಜಿಗೂ ಸೇರಿರಲಿಲ್ಲ.

ಏಳು ವರ್ಷ ಎಂದುಕೊಂಡ ಮೇಲೆ ನೆನಪಾಯಿತು.

ಎರಡು ಸಾವಿರದ ಹದಿನೆಂಟರ ಡಿಸೆಂಬರ್. ಗಿರಾಕಿಗೆ ತೋರಿಸಬೇಕಿದ್ದ ಯಂತ್ರ ಹೊಸದು. ಚಿಪ್ಪಿಗೆ ಆ ಶಕ್ತಿ ಇದ್ದರೂ, ಕೇಳಿದರೆ ಇಲ್ಲ ಎನ್ನುತ್ತಿತ್ತು. ತಯಾರಕರು ಅದನ್ನು ಸರಿಪಡಿಸಿ ಕಳಿಸಲು ಒಂದು ವಾರ ಬೇಕಿತ್ತು. ಅಂದು ಮೆಹ್ವಿಶ್‌ಳ ಶಾಲೆಯಲ್ಲಿ ಆಟೋಟದ ದಿನ. ಅವಳು ಓಟದಲ್ಲಿದ್ದಳು, ಮೂರು ಗಂಟೆಗೆ ಹೊರಡಲೇಬೇಕಿತ್ತು. ಆ ಒಂದು ಮಾಡೆಲಿನ ಹೆಸರು ಕಂಡರೆ ಕೇಳದೆ ‘ಇದೆ’ ಎನ್ನು ಎಂದು ಒಂದು ಸಾಲು ಬರೆದು, ವಾರದ ನಂತರ ತೆಗೆದರಾಯಿತು ಎಂದುಕೊಂಡು ಎದ್ದು ಹೋಗಿದ್ದ. ವಾರ ಕಳೆಯಿತು. ಮರೆತ.

ಅದರ ಬೆನ್ನಿಗೆ ಇನ್ನೊಂದು ನೆನಪೂ ಬಂತು. ಇದು ಮೊದಲಿನದಕ್ಕಿಂತ ಕಷ್ಟದ್ದು. ಫೆಬ್ರವರಿಯಲ್ಲಿ ನಂದಿತಾ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು ಕೇಳಿದ್ದಳು: “ಜಿಯಾ ಸರ್, ಇಲ್ಲೊಂದು ಕಡೆ ಮಾತ್ರ ಕೇಳದೇನೇ ‘ಇದೆ’ ಅಂತಿದೆಯಲ್ಲ, ಯಾಕೆ?” ಅವನು ಇನ್ನೇನೋ ಓದುತ್ತಿದ್ದ. ತಲೆ ಎತ್ತದೆ, “ಅಂಚು ನೇರ ಮಾಡು ಸಾಕು. ಒಳಗೆ ಕೈ ಹಾಕ್ಬೇಡ,” ಎಂದಿದ್ದ.

ಭಾನುವಾರ ಮನೆಯಲ್ಲಿ ಊಟಕ್ಕೆ ಕೂತಾಗ ಬದ್ರುನ್ನೀಸಾಗೆ ಎಲ್ಲ ಹೇಳಿದ. ಆಕೆ ಸಾರು ಬಡಿಸುತ್ತಾ ಕೇಳಿದಳು.

“ನೀವೇ ಬರೆದಿದ್ದು ಅಂತ ಬೇರೆ ಯಾರಿಗಾದ್ರೂ ಗೊತ್ತಾ?”

“ಇಲ್ಲ.”

“ಗೊತ್ತಾಗತ್ತಾ?”

“ನಾನು ಹೇಳದಿದ್ರೆ ಗೊತ್ತಾಗಲ್ಲ.”

ಬದ್ರುನ್ನೀಸಾ ಸಾರಿನ ಪಾತ್ರೆ ಕೆಳಗಿಟ್ಟಳು. “ಹಾಗಾದ್ರೆ ನಾಳೆ ಬೇಗ ಹೊರಡಿ. ಮೂರು ಗಂಟೆವರೆಗೆ ಕಾಯ್ಬೇಡಿ,” ಎಂದಳು.

ಬರೀ ಬಾಯಿಮಾತಿನಿಂದ ಆಗುವುದಿಲ್ಲ, ವಯಸ್ಸಾದವನು ಹುಡುಗಿಯನ್ನು ಉಳಿಸಲು ಹೇಳುತ್ತಿದ್ದಾನೆ ಎನ್ನುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಸೋಮವಾರ ಎಂಟಕ್ಕೇ ಕಚೇರಿಯಲ್ಲಿದ್ದ. ಲಿಫ್ಟ್ ಕೆಟ್ಟಿತ್ತು, ನಾಲ್ಕು ಮಹಡಿ ಹತ್ತಿದ. ಗಿರಾಕಿಗಳಿಗೆ ಕಳಿಸಿದ ತಂತ್ರಾಂಶದ ಹಳೆಯ ಆವೃತ್ತಿಗಳ ಡಿಸ್ಕುಗಳಿದ್ದ ಡಬ್ಬ ಕಚೇರಿಯದೇ ಪ್ರಯೋಗಶಾಲೆಯ ಕಪಾಟಿನಲ್ಲಿತ್ತು. ನಂದಿತಾ ಸೇರುವುದಕ್ಕೆ ಮೂರು ವರ್ಷ ಮುಂಚಿನದೊಂದನ್ನು ಹುಡುಕಿ ತೆಗೆದ. ಅದೇ ಮಾಡೆಲಿನ ಯಂತ್ರದಲ್ಲಿ ಆ ಶಕ್ತಿಯನ್ನು ಮುಚ್ಚಿ, ಹಳೆಯ ಆವೃತ್ತಿಯನ್ನು ಹಾಕಿ, ಕೇಳಿದ. ‘ಇದೆ’ ಎಂದಿತು. ಪರೀಕ್ಷೆಯ ಪ್ರೋಗ್ರಾಮು ನಂಬಿ ಸತ್ತಿತು. ಮತ್ತೆರಡು ಸಲ ಮಾಡಿದ, ಎರಡು ಸಲವೂ ಅದೇ. ಫಲಿತಾಂಶವನ್ನು ಅಚ್ಚು ಹಾಕಿಸಿಕೊಂಡು ಸುನೀಲ್‌ನ ಕೋಣೆಗೆ ಹೋದಾಗ ಒಂದು ಗಂಟೆ.

ಸುನೀಲ್ ಕಾಗದಗಳನ್ನು ಎರಡು ಸಲ ಓದಿದ. “ಅಂದ್ರೆ ಇದು ಅವಳದ್ದಲ್ಲ.”

“ಅವಳದ್ದಲ್ಲ.”

“ಸರಿ ಬಿಡಿ, ಒಳ್ಳೇದಾಯ್ತು. ಯಾರದ್ದೋ ಹಳೇ ಸಾಲು ಅಂತ ರಿಪೋರ್ಟ್‌ನಲ್ಲಿ ಹಾಕ್ತೀನಿ.”

“ಯಾರದ್ದೋ ಅಂದ್ರೆ ಆಗಲ್ಲ ಗುರು. ಹೆಡ್ ಆಫೀಸ್‌ನವರು ಕಡತ ತೆಗೀತಾರೆ, ಪಕ್ಕದಲ್ಲಿ ಕಾಣೋದು ಅವಳ ಹೆಸರೇ. ನಂದು ಅಂತ ಹಾಕು. ಅವಳು ಫೆಬ್ರವರಿಯಲ್ಲೇ ಕೇಳಿದ್ಲು, ನಾನು ಮುಟ್ಟಬೇಡ ಅಂದೆ ಅಂತಾನೂ ಹಾಕು.”

“ಸೆಪ್ಟೆಂಬರ್‌ಗೆ ನಿಮ್ಮ ಕಾಂಟ್ರಾಕ್ಟ್ ಮುಗಿಯತ್ತೆ ಸರ್. ಈಗ ಇದು ಬೇಕಾ?”

“ಬೇಡ. ಆದ್ರೂ ಹಾಕು.”

ಸುನೀಲ್ ಹಣೆ ಉಜ್ಜಿಕೊಂಡ. ಬಳಿಕ ಅವನೆದುರೇ ಫೋನ್ ಮಾಡಿ ಮೂರು ಗಂಟೆಯ ರಿವ್ಯೂ ರದ್ದು ಮಾಡಿಸಿದ.

ಊಟ ಮುಗಿಸಿ ಎಲ್ಲರೂ ತಮ್ಮ ಜಾಗಕ್ಕೆ ಬಂದು ಕೂತಿದ್ದರು. ಜಿಯಾವುಲ್ಲಾ ನಂದಿತಾಳ ಮೇಜಿನ ಹತ್ತಿರ ಹೋಗಿ ನಿಂತ.

“ಶುಕ್ರವಾರ ಎಲ್ಲರ ಮುಂದೆ ಬೈದಿದ್ದೆ. ಈಗ ಎಲ್ಲರ ಮುಂದೆನೇ ಹೇಳ್ತೀನಿ. ಆ ಸಾಲು ನಾನು ಬರೆದಿದ್ದು. ನೀನು ಕೇಳಿದ್ದೆ, ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ತಪ್ಪಾಯ್ತಮ್ಮ.”

ನಂದಿತಾಳ ಕಣ್ಣು ತುಂಬಿತು. ಅವಳು ಅದನ್ನು ಒರೆಸಿಕೊಳ್ಳಲೂ ಇಲ್ಲ.

“ಅವತ್ತೇ ಯಾಕೆ ಹೇಳ್ಲಿಲ್ಲ ನೀನು?”

“ಹೇಳಿದ್ರೆ ನಂಬ್ತಿದ್ರಾ ಸರ್? ನಾನು ಕೇಳಿದ್ದು ನಿಮಗೆ ನೆನಪೇ ಇರ್ಲಿಲ್ಲ. ಮುಖ ನೋಡಿದ್ರೆ ಗೊತ್ತಾಗ್ತಿತ್ತು.”

“ನಂಬ್ತಿರ್ಲಿಲ್ಲ,” ಎಂದ ಅವನು. ಕುರ್ಚಿ ಎಳೆದುಕೊಂಡು ಕೂತ. ಹಣೆಯಲ್ಲಿ ಬೆವರಿತ್ತು. ಯಾರೋ ನೀರು ತಂದುಕೊಟ್ಟರು, ಅರ್ಧ ಲೋಟ ಕುಡಿದ. “ಮೆಟ್ಲು ಹತ್ತಿದ್ದು ಜಾಸ್ತಿಯಾಯ್ತು. ಈಗ ಆ ಸಾಲು ನೀನೇ ತೆಗಿ. ನಾನು ಕೈ ಹಾಕಲ್ಲ.”

“ಬರೀ ತೆಗೆದ್ರೆ ಸಾಕಾ ಸರ್? ಇಂಥವು ಇನ್ನೂ ಇದ್ರೆ?”

“ಇದ್ದಾವಾ?”

“ಇನ್ನೆರಡಿವೆ. ಶನಿವಾರ ಮನೇಲಿ ಕೂತು ಹುಡುಕ್ದೆ.”

ಜಿಯಾವುಲ್ಲಾ ಜೋರಾಗಿ ನಕ್ಕ. “ನಾನು ಇಲ್ಲಿ ಒಂದಕ್ಕೇ ಸಾಯ್ತಾ ಕೂತಿದ್ದೆ. ತೆಗಿ, ಮೂರೂ ತೆಗಿ!”

ಅವಳು ಮೂರು ಸಾಲುಗಳನ್ನೂ ಅಳಿಸಿ, ಆ ಜಾಗದಲ್ಲಿ ಪ್ರೊಸೆಸರನ್ನೇ ಕೇಳುವಂತೆ ಬರೆದಳು. ಅವನು ಒಂದೊಂದೇ ಅಕ್ಷರ ಓದುತ್ತಾ ಪಕ್ಕದಲ್ಲಿದ್ದ. ಪ್ರಯೋಗಶಾಲೆಯ ಯಂತ್ರದಲ್ಲಿ ಓಡಿಸಿದಳು. ಶಕ್ತಿ ಮುಚ್ಚಿದಾಗ ‘ಇಲ್ಲ’ ಎಂದಿತು, ತೆರೆದಾಗ ‘ಇದೆ’ ಎಂದಿತು. ಮುಚ್ಚಿದ್ದಾಗಲೂ ಪರೀಕ್ಷೆಯ ಪ್ರೋಗ್ರಾಮು ನಿಧಾನವಾಗಿ, ಆದರೆ ಎಲ್ಲೂ ನಿಲ್ಲದೆ ಕೊನೆಯವರೆಗೆ ಓಡಿತು. ಅವಳು ಅದನ್ನು ಒಪ್ಪಿಗೆಗೆ ಕಳಿಸಿದಳು.

ಎರಡು ಗಂಟೆ ಇಪ್ಪತ್ತೆಂಟು ನಿಮಿಷಕ್ಕೆ ಜಿಯಾವುಲ್ಲಾ ತನ್ನ ಮೇಜಿಗೆ ಬಂದು ಅದನ್ನು ತೆರೆದ. ‘ಸರಿಪಡಿಸಿದವರು’ ಎಂಬಲ್ಲಿ ನಂದಿತಾಳ ಹೆಸರಿತ್ತು. ‘ತಪ್ಪಿನ ಮೂಲ’ ಎಂಬ ಜಾಗವನ್ನು ಅವಳು ಖಾಲಿ ಬಿಟ್ಟಿದ್ದಳು. ಅಲ್ಲಿ ಅವನು ತನ್ನ ಪೂರ್ತಿ ಹೆಸರನ್ನೂ, ಎರಡು ಸಾವಿರದ ಹದಿನೆಂಟು ಡಿಸೆಂಬರ್ ಎಂದೂ ಬರೆದು, ಒಪ್ಪಿಗೆಯ ಗುಂಡಿ ಒತ್ತಿದ.