ಗುಂಡು ಹಾರಿಸದ ನೇಮಣ್ಣನವರು

ನೇಮಣ್ಣನವರು ಕೈಯಲ್ಲಿ ಬಂದೂಕು ಹಿಡಿದುಕೊಂಡು ಇಲಿಗೆ ದಾರಿ ಬಿಟ್ಟು ನಿಲ್ಲುತ್ತಿದ್ದರು. ಕಂಪ್ಯೂಟರಿನ ಪರದೆಯ ಮೇಲೆ ಕತ್ತಲ ಸುರಂಗ, ಹಿಂದೆ ಹತ್ತಿರವಾಗುತ್ತಿರುವ ಕಾವಲುಗಾರನ ಬೂಟಿನ ಸದ್ದು, ಮುಂದೆ ಗೋಡೆಯ ಬುಡದಲ್ಲಿ ಓಡಾಡುವ ಒಂದು ಇಲಿ. ಬೇರೆ ಯಾರಾದರೂ ಆಗಿದ್ದರೆ ಅದನ್ನು ತುಳಿದುಕೊಂಡೇ ಓಡುತ್ತಿದ್ದರು. ಇವರು ಕುರ್ಚಿಯ ತುದಿಗೆ ಸರಿದು ಕೂತು, "ಹೋಗವ್ವಾ, ಲಗೂನ ಹೋಗು" ಎಂದು ಇಲಿಯನ್ನು ಬೇಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಕಾವಲುಗಾರ ಬಂದು ಇವರನ್ನೇ ಹೊಡೆದು ಕೆಡವುತ್ತಿದ್ದ.

ಬನಹಟ್ಟಿಯಲ್ಲಿ ಅವರದು ನೂಲಿನ ಅಂಗಡಿ. ಮೂಲತಃ ತೇರದಾಳದ ಜೈನ ಮನೆತನ. ನೀರು ಸೋಸಿಯೇ ಕುಡಿಯುವವರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವವರು. ಅಂಗಡಿಯ ಹಿಂದಿನ ಕೋಣೆಯಲ್ಲಿ ನೂಲಿನ ಚೀಲಗಳ ನಡುವೆ ಆ ಹಳೆಯ ಕಂಪ್ಯೂಟರ್ ಇತ್ತು. ಅದನ್ನು ತಂದವನು, ಅದರಲ್ಲಿ ಆಟ ಹಾಕಿದವನು ಅವರ ತಮ್ಮ ಶೀತಲ. ಅವನು ನನ್ನ ಜೀವದ ಗೆಳೆಯ. ನಾನು ಜಮಖಂಡಿ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು.

ಆಟ ತೀರಾ ಹಳೆಯದು. ನೆಲದಡಿಯಲ್ಲೊಂದು ನಗರ. ದೀಪಗಳು ಒಂದೊಂದಾಗಿ ಆರುತ್ತಿವೆ, ಹೊರಬಾಗಿಲು ಮುಚ್ಚಿದೆ, ಉಳಿದ ಜನ ಒಳಗೆ ಸಿಕ್ಕಿಬಿದ್ದಿದ್ದಾರೆ. ನೀವು ಹೊಸಬರಾಗಿ ಅದರೊಳಗೆ ಇಳಿಯುತ್ತೀರಿ. ಕೈಗೆ ಬಂದೂಕು ಕೊಡುತ್ತಾರೆ, ಆದರೆ ಹೊಡೆಯಲೇಬೇಕೆಂಬ ಕಟ್ಟಳೆಯಿಲ್ಲ. ಮಾತಾಡಿ ದಾಟಬಹುದು, ಅಡಗಿಕೊಂಡು ದಾಟಬಹುದು, ಬೀಗ ತೆಗೆಯಲು ಕಲಿಯಬಹುದು. ನೀವು ಮಾಡಿದ್ದನ್ನೆಲ್ಲ ಆ ನಗರ ನೆನಪಿಟ್ಟುಕೊಳ್ಳುತ್ತದೆ. ಇಲ್ಲೊಬ್ಬ ಕಾವಲುಗಾರನನ್ನು ಕೊಂದರೆ ಮುಂದೆಲ್ಲೋ ಅವನ ಮಗಳು ನಿಮ್ಮನ್ನು ನೋಡಿ ಬಾಗಿಲು ಹಾಕಿಕೊಳ್ಳುತ್ತಾಳೆ. ಜನರ ಮುಖಗಳೇನೋ ಕೊಡಲಿಯಿಂದ ಕೆತ್ತಿದ ಹಾಗಿವೆ, ನಕ್ಕರೂ ಅತ್ತರೂ ಒಂದೇ. ಆದರೂ ಅದನ್ನು ಬಿಡದೆ ಆಡುವವರು ಇಂದಿಗೂ ಇದ್ದಾರೆ.

ಶೀತಲ ಅದನ್ನು ಎಷ್ಟು ಸಲ ಆಡಿ ಮುಗಿಸಿದ್ದನೋ. ಪ್ರತಿಸಲವೂ ಹೆಣಗಳ ಮೇಲೆ ನಡೆದೇ ಮುಗಿಸುತ್ತಿದ್ದ. ಒಂದು ಮಧ್ಯಾಹ್ನ ಅಣ್ಣನನ್ನು ಕೆಣಕಿದ್ದ: "ಅಣ್ಣಾ, ಈ ಆಟಾ ಒಬ್ಬರ್ನೂ ಕೊಲ್ಲದ ಮುಗಸಾಕ ಬರ್ತೈತಂತ. ನನ್ನ ಕೈಲೆ ಆಗಂಗಿಲ್ಲ. ನೀ ಕುಂತ್ರ ಆಕೈತಿ ನೋಡು."

"ಗಿರಾಕಿ ನಿಂತಾರ ಹೊರಗ. ನಿನ್ನ ಆಟ ನೀ ಆಡಪಾ" ಎಂದು ನೇಮಣ್ಣನವರು ನಗುತ್ತ ಎದ್ದುಹೋಗಿದ್ದರು.

ಅದೇ ವರ್ಷ ಲೋಕಾಪುರದ ಹತ್ತಿರ ಶೀತಲನ ಬೈಕಿಗೆ ಟ್ರ್ಯಾಕ್ಟರ್ ಬಡಿಯಿತು. ಬೆಳಗಾವಿಯ ಆಸ್ಪತ್ರೆಯಲ್ಲಿ ಅವನ ಉಸಿರನ್ನು ಯಂತ್ರವೊಂದು ಆಡಿಸುತ್ತಿತ್ತು. ಒಳಗೆ ಹೋಗಲು ಸ್ವಲ್ಪ ಹೊತ್ತು ಬಿಡುತ್ತಿದ್ದರು, ಅದೂ ನಿಂತುಕೊಂಡೇ ನೋಡಿ ಬರಬೇಕು. "ಒಂದು ಕುರ್ಚಿ ಹಾಕಿದ್ರ ಬಾಜೂಕ ಕುಂದರ್ತಿದ್ನಿ" ಎಂದು ನೇಮಣ್ಣನವರು ಎಲ್ಲರ ಮುಂದೆಯೂ ಹೇಳಿದರು. ಯಾರೂ ಹಾಕಲಿಲ್ಲ. ಕೊನೆಗೆ ಡಾಕ್ಟರು ಅವರನ್ನು ಪಕ್ಕಕ್ಕೆ ಕರೆದು, ಇನ್ನು ಯಂತ್ರ ಮಾತ್ರ ನಡೆಯುತ್ತಿದೆ, ಹುಡುಗ ಇಲ್ಲ, ನಿಲ್ಲಿಸೋಣವೇ ಎಂದು ಕೇಳಿದರು. ಅವರು ಹೊರಗಿದ್ದ ನನ್ನ ಬಳಿ ಬಂದು ಗೋಡೆಗೆ ಆತು ನಿಂತು, "ಹೂಂ ಅಂದ್ನಿ ಮಲ್ಲೇಶಿ" ಎಂದರು.

ಆಮೇಲೆ ಅವರಿಗೊಂದು ಅಭ್ಯಾಸವಾಯಿತು. ಬನಹಟ್ಟಿಯಲ್ಲಿ ಮಗ್ಗಗಳ ಸದ್ದು ನಮ್ಮ ಕಿವಿಗೆ ಬೀಳುವುದೇ ಇಲ್ಲ, ಅಷ್ಟು ರೂಢಿ. ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತಾಗ ನೇಮಣ್ಣನವರು ದಿಗ್ಗನೆ ಎದ್ದು ನಿಲ್ಲುತ್ತಿದ್ದರು. ಕರೆಂಟು ಬಂದು ಸದ್ದು ಮತ್ತೆ ಶುರುವಾಗುವವರೆಗೆ ಕೂರುತ್ತಿರಲಿಲ್ಲ. ಅದನ್ನು ನೋಡುವಾಗ ನನಗೆ ಭಯವಾಗುತ್ತಿತ್ತು.

ಕೆಲವು ತಿಂಗಳ ಮೇಲೆ ನನ್ನನ್ನು ಕರೆಸಿದರು. "ಅಂವ ಹೇಳಿದ್ನಲಾ, ಆ ಆಟಾ ಹಚ್ಚಿ ಕೊಡು. ಒಬ್ಬರ್ನೂ ಕೊಲ್ಲದ ಮುಗಸಬೇಕು ನಾನು."

ಹೀಗೆ ಶುರುವಾಯಿತು. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಆಡುತ್ತಿದ್ದರು. ಇಂಗ್ಲಿಷ್ ಮಾತುಗಳನ್ನು ನಾನು ಬಿಡಿಸಿ ಹೇಳುತ್ತಿದ್ದೆ. ಕಾವಲುಗಾರ ಎದುರಾದರೆ, "ಬಾಗ್ಲಾ ಕಾಯೋದು ಇವನ ನೌಕರಿ. ಪಾಪ, ಇವನ್ನ ಯಾಕ ಹೊಡೀಬೇಕಲೇ?" ಎನ್ನುತ್ತಿದ್ದರು. ಆಟದೊಳಗಿನ ನಮ್ಮ ನಾಯಕನಿಗೆ ಗಾಯವಾದರೆ ಡಬ್ಬಿಯ ಊಟ ತಿನ್ನಿಸಬೇಕು, ಆಗ ಚೇತರಿಸಿಕೊಳ್ಳುತ್ತಾನೆ. ಇವರು ಡಬ್ಬಿಯ ಮೇಲಿನ ಹೆಸರು ನನ್ನಿಂದ ಓದಿಸಿ, ಮಾಂಸದ್ದಾದರೆ ಅಲ್ಲೇ ಇಟ್ಟು ಮುಂದೆ ನಡೆಯುತ್ತಿದ್ದರು. ಕಾಳಿನ ಡಬ್ಬಿ ಸಿಕ್ಕರೂ ಒಮ್ಮೊಮ್ಮೆ ತಿನ್ನಿಸುತ್ತಿರಲಿಲ್ಲ.

"ಹೊತ್ತು ಮುಳಗೇತಿ" ಎನ್ನುತ್ತಿದ್ದರು.

"ಅಣ್ಣಾರ, ಅಂವ ನೆಲದ ಬುಡಕ ಅದಾನ್ರಿ. ಅಲ್ಲಿ ಹೊತ್ತ ಮೂಡಂಗಿಲ್ಲ."

"ಗ್ವಾಡಿ ಮ್ಯಾಲ ಗಡಿಯಾರ ಐತಿಲ್ಲ? ಮುಂಜಾನೆ ತಿಂತಾನ ತಗೋ."

ಹೀಗಾಗಿ ನಮ್ಮ ನಾಯಕ ಕುಂಟುತ್ತ, ಏದುಸಿರು ಬಿಡುತ್ತ, ಅರೆಹೊಟ್ಟೆಯಲ್ಲೇ ಆ ನಗರವನ್ನೆಲ್ಲ ಸುತ್ತಿದ. ಅವರ ಪಾಡು ನೋಡಲಾರದೆ ನಾನು ಹೊಸ ಆಟಗಳನ್ನೂ ತಂದು ಹಾಕಿಕೊಟ್ಟೆ. ಅವುಗಳಲ್ಲಿ ನೀರು ನೀರಿನಂತೆಯೇ ಹೊಳೆಯುತ್ತದೆ, ಬೆವರಿನ ಹನಿಯೂ ಕಾಣುತ್ತದೆ. ಸ್ವಲ್ಪ ಆಡಿ ಬಿಟ್ಟುಬಿಟ್ಟರು. "ಚಂದ ಐತಿ ಖರೆ. ಆದ್ರ ಹೊಡೀಲಿಲ್ಲ ಅಂದ್ರ ಮುಂದ ಬಿಡೂದ ಇಲ್ಲಲೇ ಇದು. ಆ ಹಳೇದ್ರಾಗ ನಾ ನಾನಾಗೇ ಇರ್ತೇನಿ." ಆ ಹಳೆಯ ಆಟ ಯಾಕೆ ಸಾಯುವುದಿಲ್ಲ ಎಂದು ನನ್ನನ್ನು ಯಾರಾದರೂ ಕೇಳಿದರೆ ಇದಕ್ಕಿಂತ ಬೇರೆ ಉತ್ತರ ನನಗೆ ಹೊಳೆದಿಲ್ಲ.

ಕೊನೆಗೊಂದು ದಿನ ಫೋನ್ ಬಂತು. "ಮಲ್ಲೇಶಿ, ಕಡೀ ಕೋಣಿಗೆ ಮುಟ್ಟೇನಿ. ಒಬ್ಬರಿಗೂ ಏನೂ ಆಗಿಲ್ಲ. ಬಾ." ದನಿಯಲ್ಲಿ ಅಷ್ಟು ಸಂತೋಷವನ್ನು ಶೀತಲ ಹೋದಮೇಲೆ ನಾನು ಕೇಳಿರಲಿಲ್ಲ. ಓಡಿದೆ.

ಕೊನೆಯ ಕೋಣೆಯಲ್ಲಿ ಏನಿದೆ ಎಂದು ಶೀತಲ ನನಗೂ ಹೇಳಿರಲಿಲ್ಲ. ಅಲ್ಲಿ ಮಂಚದ ಮೇಲೊಬ್ಬ ಮನುಷ್ಯ ಮಲಗಿದ್ದ. ಮೈತುಂಬ ಕೊಳವೆಗಳು, ಪಕ್ಕದಲ್ಲಿ ಅವನ ಉಸಿರು ನಡೆಸುವ ಯಂತ್ರ. ನಗರದಲ್ಲಿ ಉಳಿದ ವಿದ್ಯುತ್ತನ್ನೆಲ್ಲ ಆ ಯಂತ್ರವೇ ಎಳೆದುಕೊಳ್ಳುತ್ತಿದೆ. ಅದನ್ನು ನಿಲ್ಲಿಸಿದರೆ ಹೊರಬಾಗಿಲು ತೆರೆಯುತ್ತದೆ, ಆಟ ಮುಗಿಯುತ್ತದೆ. ಮಲಗಿದವನು ಕಣ್ಣು ತೆರೆದು, "ಬಂದೆಯಾ? ಇದನ್ನು ನಿಲ್ಲಿಸುತ್ತೀಯಾ?" ಎಂದು ಕೇಳಿದ. ನಾನು ಅದನ್ನು ಓದಿ ಹೇಳಿದೆ.

ಬೇರೆ ದಾರಿ ಇದೆಯೇ ಎಂದು ನಾನು ಫೋನಿನಲ್ಲಿ ಹುಡುಕಿದೆ. ಇರಲಿಲ್ಲ. "ಅಣ್ಣಾರ, ಅಂವನೇ ಕೇಳಾಕತ್ತಾನ್ರಿ. ಇದು ಕೊಂದ ಲೆಕ್ಕಕ್ಕ ಬರಂಗಿಲ್ಲ. ಆಡಿದವರೆಲ್ಲಾ ಹಂಗ ಬರದಾರ."

"ಅವತ್ತೂ ಎಲ್ಲಾರೂ ಹಂಗ ಅಂದ್ರು" ಎಂದು ನೇಮಣ್ಣನವರು ಯಂತ್ರ ನಿಲ್ಲಿಸದೆ ನಾಯಕನನ್ನು ಕೋಣೆಯ ಬಾಗಿಲಿನತ್ತ ತಿರುಗಿಸಿದರು.

ಇನ್ನು ಆ ಕಂಪ್ಯೂಟರಿನ ಮುಂದೆ ಅವರು ಕೂರಲಾರರು ಎಂದುಕೊಂಡೆ. ಹಾಗಾಗಲಿಲ್ಲ. ಕೆಲವು ವಾರ ಬಿಟ್ಟು ಹೋದಾಗ ಆಡುತ್ತಲೇ ಇದ್ದರು. ನಾಯಕ ಎರಡೂ ಕೈಯಲ್ಲಿ ಒಂದು ಕುರ್ಚಿ ಎತ್ತಿಕೊಂಡು ಸುರಂಗದಲ್ಲಿ ನಡೆಯುತ್ತಿದ್ದ. ಆ ಆಟದಲ್ಲಿ ಸಣ್ಣಪುಟ್ಟ ಸಾಮಾನು ಎತ್ತಿ ಇನ್ನೊಂದು ಕಡೆ ಇಡಬಹುದು.

"ಬಂದೂಕ ಎಲ್ಲೈತ್ರಿ ಅಣ್ಣಾರ?"

"ಎರಡೂ ಹಿಡ್ಯಾಕ ಬರಂಗಿಲ್ಲ. ಅದನ್ನ ಒಗದ್ನಿ."

"ಕುರ್ಚಿ ಎಲ್ಲಿಗಿ ಒಯ್ಯಾಕತ್ತೀರಿ?"

"ಅಂವ ಒಬ್ಬಾವನೇ ಅದಾನಲ್ಲಪಾ ಅಲ್ಲಿ" ಎಂದರು, ಪರದೆಯಿಂದ ಕಣ್ಣು ತೆಗೆಯದೆ. ನಾನು ಅವರನ್ನು ಕೊನೆಯ ಸಲ ನೋಡಿದ್ದು ಅಂದೇ.

ಈ ಚಳಿಗಾಲ ಬೆಳಗಿನ ಜಾವ ಅವರ ಹೃದಯ ನಿಂತುಹೋಯಿತು. ಆಸ್ಪತ್ರೆಗೆ ಒಯ್ಯುವಷ್ಟೂ ವೇಳೆ ಕೊಡಲಿಲ್ಲ. ಅವರಿಗಾಗಿ ಯಾರೂ ಹೂಂ ಅನ್ನಬೇಕಾಗಲಿಲ್ಲ. ಸೂತಕ ಕಳೆದ ಮೇಲೆ ಅವರ ಹೆಂಡತಿ, ನಮ್ಮ ವೈನಿ, ಕಂಪ್ಯೂಟರನ್ನು ನನಗೇ ಕೊಟ್ಟರು. "ಒಯ್ಯೋ ಮಲ್ಲೇಶಿ. ಅದು ಅಂಗಡ್ಯಾಗ ಇದ್ರ, ಒಳಗ ಕುಂತಾರೇನೋ ಅನಸ್ತೈತಿ ನನಗ."

ನನ್ನ ಅಂಗಡಿಯಲ್ಲಿ ಅದನ್ನು ಚಾಲೂ ಮಾಡಿ, ಅವರು ಆಟ ನಿಲ್ಲಿಸಿದ್ದ ಜಾಗವನ್ನು ತೆರೆದೆ. ಕೊನೆಯ ಕೋಣೆ ಗುರುತು ಸಿಗದಂತಾಗಿತ್ತು. ನಗರದ ಮೂಲೆಮೂಲೆಯಿಂದ ಹೊತ್ತು ತಂದ ದೀಪಗಳು, ಹೂಕುಂಡಗಳು, ಒಂದು ನೀರಿನ ಹೂಜಿ, ಕಾಳಿನ ಡಬ್ಬಿಗಳು. ಮಂಚಕ್ಕೆ ತಾಗಿಸಿ ಒಂದು ಕುರ್ಚಿ.

"ಬಂದೆಯಾ? ಇದನ್ನು ನಿಲ್ಲಿಸುತ್ತೀಯಾ?" ಎಂದು ಮಲಗಿದವನು ಕೇಳಿದ. ಹೊರಗೆ ಓಣಿಯ ಮಗ್ಗಗಳು ನಡೆಯುತ್ತಿದ್ದವು. ಯಂತ್ರ ನಿಲ್ಲಿಸುವ ಗುಂಡಿ ಕೈಗೆ ಎಟುಕುವಂತಿತ್ತು, ಒಂದು ಸಲ ಒತ್ತಿದರೆ ನೇಮಣ್ಣನವರ ಆಟ ಮುಗಿಯುತ್ತಿತ್ತು. ನನ್ನ ಕೈ ಏಳಲಿಲ್ಲ.

ಆ ಆಟದಲ್ಲಿ ಕೂರಲು ಬರುವುದಿಲ್ಲ. ಹಾಗಾಗಿ ನೇಮಣ್ಣನವರು ಇನ್ನೂ ಆ ಕುರ್ಚಿಯ ಪಕ್ಕದಲ್ಲಿ ನಿಂತೇ ಇದ್ದಾರೆ.